ಮುದುಕಪ್ಪನ ಪರವಾಗಿ

ಸೇತುವೆ ದಾಟುವಾಗ ನೆನಪಾಯಿತೋ, ಅದಕ್ಕೂ ಮುಂಚೆಯೇ ನೆನಪಾಗಿತ್ತೋ ಎನ್ನುವುದು ಅವಳಿಗೆ ಬಗೆಹರಿಯಲಿಲ್ಲ. ಸೇತುವೆಯ ಕಬ್ಬಿಣದ ಪಟ್ಟಿಗಳ ಮೇಲೆ ಗಾಡಿಯ ಚಕ್ರ ದಡಕ್ ದಡಕ್ ಎಂದಿತು, ಮೇಲಿನ ಕಪಾಟಿನಲ್ಲಿ ತಟ್ಟೆಗಳು ಅಲುಗಿದವು, ಆಗ ಅವಳು ತನ್ನ ಬಲಗೈ ನೋಡಿಕೊಂಡಳು. ಬೆರಳುಗಳ ಬುಡದಲ್ಲಿ ನಾಯಿಯ ಹಗ್ಗ ಉಜ್ಜಿದ ಕೆಂಪು ಗೆರೆ ಇನ್ನೂ ಇತ್ತು. ಆ ಹಗ್ಗದ ತುದಿಯಲ್ಲಿ ಮುದುಕಪ್ಪ ಇದ್ದ. ಪೆಟ್ರೋಲ್ ಬಂಕಿನ ಹಿಂದೆ, ಚಕ್ರಕ್ಕೆ ಗಾಳಿ ತುಂಬುವ ಯಂತ್ರದ ಪಕ್ಕದ ಕಂಬಕ್ಕೆ ಅವಳೇ ಕೈಯಾರೆ ಕಟ್ಟಿದ್ದಳು. ಈಗ ಗಾಡಿ ಮುಂದೆ ಹೋಗುತ್ತಿತ್ತು, ಮುದುಕಪ್ಪ ಹಿಂದೆ ಉಳಿದಿದ್ದ, ಅವಳು ಕಾಗದದ ಲೋಟದಿಂದ ಕಾಫಿ ಕುಡಿಯುತ್ತಿದ್ದಳು. ಹೇಳಬೇಕು ಎಂದುಕೊಂಡಳು. ಈ ಗುಟುಕು ಮುಗಿಯಲಿ, ಹೇಳುತ್ತೇನೆ ಎಂದುಕೊಂಡಳು. ಲೋಟ ದೊಡ್ಡದಿತ್ತು.

ದೇಶದ ಈ ತುದಿಯಿಂದ ಆ ತುದಿಗೆ ಮನೆಗಾಡಿಯಲ್ಲೇ ಹೋಗೋಣ ಎಂದವನು ಗಂಡ. ಅವನು ಆಟದ ಮೇಷ್ಟ್ರು, ಹೊಸ ಕೆಲಸ ಸಿಕ್ಕ ಶಾಲೆ ಆ ತುದಿಯಲ್ಲಿತ್ತು. ‘ರೈಲಲ್ಲಿ ಹೋದ್ರೆ ಮಕ್ಕಳಿಗೆ ಏನು ನೆನಪಿರುತ್ತೆ? ರೈಲು ಅಷ್ಟೇ,’ ಎಂದಿದ್ದ. ಬೇಕರಿಯವರು ಮಾರಿದ ಹಳೆಯ ವ್ಯಾನು ತಂದು, ಅದರೊಳಗೆ ತಾನೇ ಮಂಚ ಹೊಡೆದು, ಒಲೆ ಕೂರಿಸಿ, ಮಡಚುವ ಮೇಜು ಹಾಕಿ, ಮನೆಗಾಡಿ ಎಂದು ಹೆಸರಿಟ್ಟಿದ್ದ. ಮೇಜು ಮಡಚುತ್ತಿತ್ತು, ಆದರೆ ಅದಕ್ಕೆ ಮನಸ್ಸು ಬಂದಾಗ. ಈಗ ಅದರಲ್ಲಿ ನಾಲ್ಕು ಜನ, ಎರಡು ನಾಯಿ. ಆರು ವರ್ಷದ ಮಗಳು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲವಾದ್ದರಿಂದ ಅವಳ ಹೆಸರು ಜೀರುಂಡೆ. ಮಗ ಗುಂಡುವಿಗೆ ಮೂರು ತುಂಬಿತ್ತು. ಕಿರಿಯ ನಾಯಿ ಗಡಿಬಿಡಿ, ಹೆಸರೇ ಹೇಳುವ ಹಾಗೆ. ಹಿರಿಯದು ಮುದುಕಪ್ಪ. ಅವನು ಮದುವೆಗೂ ಮುಂಚಿನಿಂದ ಗಂಡನ ಜೊತೆಗಿದ್ದವನು. ಹುಟ್ಟಿದಾಗಲೇ ಮೂತಿ ಬೆಳ್ಳಗಿತ್ತಂತೆ, ಅದಕ್ಕೆ ಆ ಹೆಸರು. ಈಗ ಹೆಸರಿಗೆ ತಕ್ಕ ವಯಸ್ಸೂ ಬಂದಿತ್ತು. ಕಿವಿ ಹೋಗಿತ್ತು. ಹಾಸಿಗೆ ಯಾವುದು, ಹುಲ್ಲು ಯಾವುದು ಎನ್ನುವ ವಿವೇಚನೆಯೂ ಹೋಗುತ್ತಿತ್ತು.

ಹೊರಡುವ ಮುಂಚೆ ಹಾಜರಿ ಕರೆಯುವುದು ಗಂಡನ ಪದ್ಧತಿ. ವರ್ಷಗಟ್ಟಲೆ ಶಾಲೆಯ ಹುಡುಗರನ್ನು ಪಂದ್ಯಗಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋದವನು, ಹೆಂಡತಿ ಮಕ್ಕಳು ಎಂದು ರಿಯಾಯಿತಿ ಇಲ್ಲ. ಸ್ಟಿಯರಿಂಗ್ ಹಿಡಿದು, ಹಿಂದೆ ತಿರುಗದೆ ಕೂಗುತ್ತಿದ್ದ: ಜೀರುಂಡೆ? ಗುಂಡು? ಗಡಿಬಿಡಿ? ಮುದುಕಪ್ಪ? ಅಮ್ಮ? ಒಬ್ಬೊಬ್ಬರೂ ಸರದಿ ಬಂದಾಗ ಉತ್ತರ ಕೊಡಬೇಕು. ಗಡಿಬಿಡಿ ತನ್ನ ಹೆಸರಿಗೂ ಬೊಗಳುತ್ತಿತ್ತು, ಬೇರೆಯವರ ಹೆಸರಿಗೂ ಬೊಗಳುತ್ತಿತ್ತು. ಮುದುಕಪ್ಪ ಮಾತ್ರ ಗಂಟಲಾಳದಿಂದ ಒಂದೇ ಒಂದು ‘ಬೌ’ ಹೇಳಿ ಸುಮ್ಮನಾಗುತ್ತಿದ್ದ. ಕಿವಿ ಹೋದಮೇಲೆ ಅದು ನಿಂತಿತು. ಅವನ ಹೆಸರು ಕರೆದು ಗಂಡ ಕಾಯುವನು, ಹಿಂದಿನಿಂದ ಏನೂ ಬರದು, ಕನ್ನಡಿಯಲ್ಲಿ ಗಂಡನ ಮುಖ ಸಣ್ಣದಾಗುವುದು. ಅದನ್ನು ನೋಡಲಾರದೆ ಒಂದು ದಿನ ಜೀರುಂಡೆ ಮುದುಕಪ್ಪನ ಪರವಾಗಿ ತಾನೇ ಬೊಗಳಿದಳು. ಅದೇ ಗಂಟಲು, ಅದೇ ಒಂದೇ ‘ಬೌ’. ಎಲ್ಲರೂ ಬಿದ್ದು ಬಿದ್ದು ನಕ್ಕರು, ಗಂಡ ‘ಶಭಾಷ್ ಮುದುಕಪ್ಪ’ ಎಂದ, ಅಲ್ಲಿಂದ ಅದೇ ರೂಢಿಯಾಯಿತು. ಇವತ್ತು ಬಂಕಿನಲ್ಲೂ ಹಾಗೇ ನಡೆಯಿತು. ‘ಮುದುಕಪ್ಪ?’ ‘ಬೌ.’ ‘ಅಮ್ಮ?’ ‘ಹೂಂ.’ ಗಾಡಿ ಹೊರಟಿತು.

ಕಿವಿಯ ವಿಷಯವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರು ಬಿಡುವವರೆಗೂ ಆಸ್ಪತ್ರೆಯಲ್ಲಿ ಅವಳಿಗಿದ್ದದ್ದು ಅದೇ ಕೆಲಸ. ಗೋಡೆಗೆ ಸ್ಪಂಜು ಮೆತ್ತಿದ, ಎರಡೆರಡು ಬಾಗಿಲಿನ ಸಣ್ಣ ಕೋಣೆಯೊಳಗೆ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಗಾಜಿನ ಈಚೆಯಿಂದ ಸದ್ದು ಬಿಡುವುದು. ಕೇಳಿಸಿದರೆ ಅವರು ಗುಂಡಿ ಒತ್ತಬೇಕು. ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: ‘ಕೇಳಿಸ್ತೋ ಇಲ್ವೋ ಅಂತ ಯೋಚನೆ ಮಾಡ್ಬೇಡಿ. ಅನುಮಾನ ಬಂದ್ರೂ ಒತ್ತಿಬಿಡಿ.’ ಕೇಳಿಸದೆ ಒತ್ತುವವರು ಬಹಳ ಜನ, ಅವರನ್ನು ಮುಖ ನೋಡಿಯೇ ಹಿಡಿಯುತ್ತಿದ್ದಳು. ಕೇಳಿಸಿದರೂ ಒತ್ತದವರು ಅಪರೂಪ. ಅಂಥವನೊಬ್ಬ ನಿವೃತ್ತ ಗಡಿಯಾರ ರಿಪೇರಿಯವನು ಬಂದಿದ್ದ, ಹೆಂಡತಿಯನ್ನು ಹೊರಗೆ ಕೂರಿಸಿ. ಪರೀಕ್ಷೆಯೆಲ್ಲ ಮುಗಿದಮೇಲೆ ಹತ್ತಿರ ಬಗ್ಗಿ, ‘ಕೇಳಿಸ್ತಮ್ಮ ಎಲ್ಲ. ಆದ್ರೆ ಕೇಳಿಸ್ತು ಅಂತ ಒಪ್ಕೊಂಡ್ರೆ ಮನೆಗೆ ಹೋದ್ಮೇಲೆ ಎಲ್ಲದಕ್ಕೂ ಉತ್ತರ ಕೊಡಬೇಕಲ್ಲ,’ ಎಂದಿದ್ದ. ಸಹೋದ್ಯೋಗಿಗಳಿಗೆ ಈ ಕಥೆ ಹೇಳಿ ಹೇಳಿ ನಗಿಸಿದ್ದಳು. ಊಟದ ಬಿಡುವಿನಲ್ಲಿ ಆ ಕೋಣೆಯೊಳಗೆ ಹೋಗಿ, ಎರಡೂ ಬಾಗಿಲು ಹಾಕಿಕೊಂಡು, ರೋಗಿಗಳ ಕುರ್ಚಿಯಲ್ಲಿ ಸುಮ್ಮನೆ ಕೂರುತ್ತಿದ್ದಳು ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಮನೆಗಾಡಿಗೆ ಒಂದೇ ಬಾಗಿಲು. ಅದರ ಚಿಲಕವೂ ಸಡಿಲ.

ಈಗ ಗುಂಡು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಎದುರು ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡ ಜೀರುಂಡೆ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಿಂದ ಮೀನು ಬರೆಯುತ್ತಿದ್ದಳು, ಅಪರೂಪಕ್ಕೆ ಮಾತಿಲ್ಲದೆ. ಹೊರಟಾಗಿನಿಂದ ಇಂಥ ಹೊತ್ತು ಬಂದಿರಲಿಲ್ಲ. ಇದನ್ನು ಒಡೆಯುವವಳು ತಾನೇ ಏಕಾಗಬೇಕು? ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಗಂಡ ಬೈಯುವುದಿಲ್ಲ. ಬೈದರೆ ಬೇಕಾಗಿತ್ತು. ‘ಅಯ್ಯೋ’ ಎಂದು ಒಂದೇ ಒಂದು ಸಲ ಹೇಳಿ, ಕನ್ನಡಿಯಲ್ಲಿ ಅವಳನ್ನು ನೋಡದ ಹಾಗೆ ನೋಡಿ, ಗಾಡಿ ತಿರುಗಿಸುತ್ತಾನೆ. ಬೆಳಿಗ್ಗೆಯದು ಇಬ್ಬರಿಗೂ ನೆನಪಾಗುತ್ತದೆ. ಬೆಳಿಗ್ಗೆ ಮುದುಕಪ್ಪ ಹಾಸಿಗೆಯ ಮೇಲೆ, ಅವಳು ಹೊದ್ದಿದ್ದ ಸ್ವೆಟರಿನ ಮೇಲೆ ಉಚ್ಚೆ ಹೊಯ್ದಿದ್ದ. ಅವಳು ಪಾತ್ರೆ ತೊಳೆಯುವ ಬೋಗುಣಿಯಲ್ಲೇ ಸ್ವೆಟರು ಹಿಂಡುತ್ತಾ, ‘ಹೊರಡೋಕೆ ಮುಂಚೆನೇ ಹೇಳಿದ್ದೆ, ಇದನ್ನ ಎಲ್ಲಾದ್ರೂ ಬಿಟ್ಟು ಬರೋಣ ಅಂತ,’ ಎಂದಿದ್ದಳು. ಗಂಡ ಹಾಸಿಗೆಯನ್ನು ಬಿಸಿಲಿಗೆ ಎತ್ತಿ ಹಾಕುತ್ತಾ, ‘ಎಲ್ಲಿ?’ ಎಂದಿದ್ದ, ಅಷ್ಟೇ. ಈಗ ನೋಡಿದರೆ ಆ ಪ್ರಶ್ನೆಗೆ ಅವಳು ಜಾಗ ತೋರಿಸಿದ ಹಾಗಾಗಿತ್ತು.

ಸ್ವೆಟರು ಇನ್ನೂ ಮೈಮೇಲೆ ಅರೆ ಒದ್ದೆಯಾಗಿತ್ತು. ಬಂಕಿನ ಅಂಗಡಿಯಲ್ಲಿ ಕಾಫಿ ಕೊಡುವ ಹೆಂಗಸು ಇವಳು ಹತ್ತಿರ ಬಂದಾಗ ಮೂಗು ಮುಚ್ಚಿಕೊಳ್ಳಲಿಲ್ಲ, ಮರ್ಯಾದಸ್ಥೆ. ಅಂಗಡಿಯ ಹಿಂದಿನ ಕಿಟಕಿ ತೆರೆದಳು. ಆಮೇಲೆ ಗಲ್ಲಾದ ಕೆಳಗಿನಿಂದ ಸುವಾಸನೆಯ ಡಬ್ಬಿ ತೆಗೆದು ಗಾಳಿಗೆ ಎರಡು ಸಲ ಉಸ್ ಉಸ್ ಎನಿಸಿ, ‘ನೊಣ ಜಾಸ್ತಿ ಈ ಕಡೆ,’ ಎಂದಳು. ಒಂದು ನೊಣವೂ ಇರಲಿಲ್ಲ. ಇವಳು ಚಿಲ್ಲರೆ ಎಣಿಸದೆ ಜೇಬಿಗೆ ಹಾಕಿಕೊಂಡು, ಕಾಫಿ ಎತ್ತಿಕೊಂಡು, ಗುಂಡುವನ್ನು ಎಳೆದುಕೊಂಡು, ನೆಟ್ಟಗೆ ಬಂದು ಗಾಡಿ ಹತ್ತಿದ್ದಳು. ಮುದುಕಪ್ಪನನ್ನು ಕಂಬಕ್ಕೆ ಕಟ್ಟಿದ್ದು ಅದಕ್ಕೆ ಮುಂಚೆ, ಗುಂಡು ಒಂದಕ್ಕೆ ಅವಸರವಾಗಿದೆ ಎಂದು ಕುಣಿದಾಗ. ಗಂಡ ಆಚೆ ಕಡೆ ನೀರು ತುಂಬುತ್ತಿದ್ದ, ಅವನು ನೋಡಿರಲಿಲ್ಲ. ಹಾಗಾದರೆ ಇದು ಮರೆವು. ಸುಸ್ತಾದ ತಾಯಿಗೆ ಯಾರಿಗಾದರೂ ಆಗಬಹುದಾದ ಮರೆವು. ಇಲ್ಲಿಯವರೆಗಿನ ಲೆಕ್ಕ ಸರಿಯಾಗಿತ್ತು. ಇದಾದಮೇಲಿನ ಲೆಕ್ಕಕ್ಕೆ ಕೈ ಹಾಕಿದರೆ ಜಾರುತ್ತಿತ್ತು. ಅವಳು ಕಾಫಿ ಕುಡಿದಳು. ಹೊರಗೆ ಹೊಲಗಳು, ತಂತಿ ಬೇಲಿ, ಮತ್ತೆ ಹೊಲಗಳು ಹೋದವು.

ಗಡಿಬಿಡಿ ಎದ್ದು ಹಿಂದುಗಡೆಯ ಪರದೆಯ ಹತ್ತಿರ ಹೋಯಿತು. ಪರದೆಯ ಹಿಂದೆ, ಮಂಚದ ಕೆಳಗೆ, ಮುದುಕಪ್ಪನ ಜಾಗ. ಮೂತಿ ತೂರಿಸಿ ಮೂಸಿತು, ಹಿಂದೆ ಬಂತು, ಅವಳ ಮುಖ ನೋಡಿತು, ಮತ್ತೆ ಹೋಯಿತು. ‘ಸುಮ್ನೆ ಬಿದ್ಕೋ’ ಎಂದು ಅವಳು ಮೆಲ್ಲಗೆ ಗದರಿದಳು, ಗದರಿದ್ದಕ್ಕೆ ಬೆವರಿದಳು. ಈಗಂತೂ ಮರೆವು ಅನ್ನುವ ಹಾಗಿರಲಿಲ್ಲ. ಯಾರಾದರೂ ತಾವಾಗಿಯೇ ನೋಡಿಬಿಡಲಿ ಎನಿಸಿತು. ಹಾವೂ ಸಾಯಲಿ, ಕೋಲೂ ಮುರಿಯದಿರಲಿ. ಜೀರುಂಡೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು. ತನಗೊಂದು, ಗಡಿಬಿಡಿಗೊಂದು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕಾಲು ಚಾಚಿ ಹೆಬ್ಬೆರಳಿನಿಂದ ಪರದೆ ಎತ್ತಿದಳು.

‘ಅಪ್ಪಾ, ಮುದುಕಪ್ಪ ಇಲ್ಲ.’

‘ಮಂಚದ ಕೆಳಗೆ ನೋಡು.’

‘ಅಲ್ಲೇ ನೋಡ್ತಾ ಇರೋದು. ಚಾದರ ಇದೆ. ಅವನಿಲ್ಲ.’

ಗಂಡ ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ. ಇಳಿದು ಹಿಂದೆ ಬಂದು, ಮಂಚದ ಕೆಳಗೆ ಬಗ್ಗಿ ನೋಡಿದ, ನಾಯಿಯೊಂದು ಸೇರಲಾರದ ಕಪಾಟಿನೊಳಗೂ ನೋಡಿದ. ಆಮೇಲೆ ಮಗಳ ಕಡೆ ತಿರುಗಿದ. ‘ಹಾಜರಿ ಕರೆದಾಗ ಬೊಗಳಿದ್ದು ನೀನಾ?’

‘ಹೂಂ. ದಿನಾ ನಾನೇ ಅಲ್ವಾ?’

‘ಅವನು ಇದಾನಾ ಅಂತ ನೋಡಿ ಬೊಗಳಿದ್ಯಾ, ನೋಡ್ದೆ ಬೊಗಳಿದ್ಯಾ?’

ಜೀರುಂಡೆಯ ಕೈಯಲ್ಲಿ ಬಿಸ್ಕತ್ತು ಹಾಗೇ ಇತ್ತು. ಅವಳ ಮುಖದ ಮೇಲೆ ಅದು ಒಂದೊಂದಾಗಿ ಅರ್ಥವಾಗುತ್ತಾ ಹೋದದ್ದನ್ನು ತಾಯಿ ನೋಡಿದಳು. ನೋಡುತ್ತಾ, ‘ಗಾಳಿ ಯಂತ್ರದ ಹತ್ರ ನಾನೇ ಕಟ್ಟಿದ್ದೆ,’ ಎಂದಳು. ‘ಗುಂಡೂಗೆ ಅವಸರ ಆಗಿತ್ತು. ಮರೆತುಬಿಟ್ಟೆ.’ ಧ್ವನಿ ಸರಿಯಾಗಿಯೇ ಬಂತು. ಗಂಡ, ‘ಅಯ್ಯೋ,’ ಎಂದ. ‘ಹೋಗ್ಲಿ, ನೀನೂ ಸರಿಯಾಗಿ ನಿದ್ದೆ ಮಾಡಿಲ್ಲ,’ ಎಂದ. ಮಗಳಿಗೆ, ‘ಇನ್ಮೇಲೆ ನೀನು ಬೊಗಳಬೇಡ. ಹಾಜರಿ ಅಂದ್ರೆ ತಮಾಷೆ ಅಲ್ಲ,’ ಎಂದ. ಗಟ್ಟಿಯಾಗಿ ಹೇಳಲಿಲ್ಲ, ಅವನದು ಗಟ್ಟಿ ಸ್ವಭಾವವೇ ಅಲ್ಲ. ಆದರೆ ಶಾಲೆಯಲ್ಲಿ ಚೆಂಡು ಬಿಟ್ಟ ಹುಡುಗನಿಗೆ ಹೇಳುವ ಹಾಗೆ, ಮುಖ ನೋಡದೆ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಎಷ್ಟೋ ಸಲ ಅವನನ್ನೇ ಛೇಡಿಸಿದ್ದವಳು ಈಗ ಸುಮ್ಮನೆ ಕೂತಿದ್ದಳು. ಜೀರುಂಡೆ ಬಿಸ್ಕತ್ತನ್ನು ಪೊಟ್ಟಣದೊಳಗೆ ವಾಪಸು ಇಟ್ಟು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ತಿರುಗಿ ಹೋಗುವುದೆಂದರೆ ಅಲ್ಲೇ ತಿರುಗಿಸುವ ರಸ್ತೆಯಾಗಿರಲಿಲ್ಲ. ನಡುವೆ ಕಬ್ಬಿಣದ ತಡೆ. ಮುಂದೆ ಹೋಗಿ, ಇನ್ನೊಂದು ಸೇತುವೆ ಹತ್ತಿ ಇಳಿದು, ಆಚೆ ದಾರಿಗೆ ಬರಬೇಕು. ನಾಯಿಯ ಕಡೆ ಹೋಗಲು ನಾಯಿಯಿಂದ ಇನ್ನಷ್ಟು ದೂರ ಹೋಗಬೇಕಾಯಿತು. ಗಂಡ ಎಂದೂ ಇಲ್ಲದ ವೇಗದಲ್ಲಿ ಓಡಿಸಿದ, ಲಾರಿಗಳನ್ನು ಹಿಂದೆ ಹಾಕಿದ. ಮುದುಕಪ್ಪನಿಗೆ ಕಿವಿ ಕೇಳುವುದಿಲ್ಲ, ಹಗ್ಗ ಬಿಚ್ಚಿಕೊಂಡು ರಸ್ತೆಗೆ ಬಂದರೆ ಲಾರಿಯ ಸದ್ದೂ ತಿಳಿಯುವುದಿಲ್ಲ. ಅವಳಿಗೆ ಗಂಟು ನೆನಪಾಯಿತು. ಒಂದು ಕೈಯಲ್ಲಿ ಗುಂಡುವನ್ನು ಹಿಡಿದು ಹಾಕಿದ ಗಂಟು. ಎದುರು ಸೀಟಿನಲ್ಲಿ ಮಗಳು ಇನ್ನೂ ಬಾಯಿ ಮುಚ್ಚಿಕೊಂಡೇ ಇದ್ದಳು, ಕಣ್ಣು ಮಾತ್ರ ಕಾಣುತ್ತಿತ್ತು. ‘ಕೈ ತೆಗಿಯೇ, ಉಸಿರು ಕಟ್ಟುತ್ತೆ,’ ಎಂದರೆ ತಲೆ ಅಲ್ಲಾಡಿಸಿದಳು. ಈ ಮಗು ಬೊಗಳಲು ಕಲಿತದ್ದು ಅಪ್ಪನ ಮುಖ ಸಣ್ಣದಾಗಬಾರದೆಂದು. ಕೇಳಿಸದವನ ಪರವಾಗಿ ಗುಂಡಿ ಒತ್ತಿದವಳು ಇವಳು. ಕೇಳಿಸಿಯೂ ಒತ್ತದವಳು ನಾನು. ಏನು ಕೇಳಿಸಿತು, ಯಾವಾಗ ಕೇಳಿಸಿತು? ಸೇತುವೆಯ ಮೇಲೆ ಎಂದು ಅಷ್ಟು ಹೊತ್ತು ಹಿಡಿದುಕೊಂಡಿದ್ದ ಉತ್ತರ, ಅದೇ ಸೇತುವೆ ಮತ್ತೆ ಬಂದು ಚಕ್ರ ದಡಕ್ ದಡಕ್ ಎಂದಾಗ ಅವಳ ಕೈ ಬಿಟ್ಟಿತು. ಇಲ್ಲಿ ನೆನಪಾಗಿರಲಿಲ್ಲ. ಇಲ್ಲಿ ಬರೀ ಕೈ ನೋಡಿಕೊಂಡಿದ್ದಳು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಬಂಕಿನ ಆಚೆ ಮತ್ತೊಮ್ಮೆ ತಿರುಗಿ ಬಂದಾಗ ಅದರ ಹಿಂದೆ ನೆರಳು ಜಾಗ ಬದಲಿಸಿತ್ತು. ಮುದುಕಪ್ಪ ನೆರಳಿನ ಹಿಂದೆ ಹೋಗಲು ನೋಡಿ, ಹಗ್ಗ ಕಂಬಕ್ಕೆ ಸುತ್ತಿಕೊಂಡು ಗಿಡ್ಡವಾಗಿ, ಬಿಸಿಲಿನಲ್ಲೇ ಮಲಗಿದ್ದ. ಕಾಫಿ ಅಂಗಡಿಯ ಹೆಂಗಸು ಅವನ ತಲೆಯ ಮೇಲೆ ಒಂದು ರಟ್ಟಿನ ಡಬ್ಬವನ್ನು ಸೂರಿನ ಹಾಗೆ ನಿಲ್ಲಿಸಿ, ಪ್ಲಾಸ್ಟಿಕ್ ಬಟ್ಟಲಿನಲ್ಲಿ ನೀರಿಟ್ಟಿದ್ದಳು. ಇವಳನ್ನು ಕಂಡು ಅಂಗಡಿಯ ಬಾಗಿಲಿಗೆ ಬಂದಳು. ‘ಬರ್ತೀರಿ ಅಂತ ಗೊತ್ತಿತ್ತು. ಒಂದ್ಸಲ ಕೂಡ ಬೊಗಳಲಿಲ್ಲ ನೋಡಿ, ಪಾಪ. ನಾನು ಇಷ್ಟೊತ್ತು ನೀವು ಹೋದ ದಾರಿ ಕಡೆಗೇ ನೋಡ್ತಾ ಇದ್ದೆ, ಅದು ಮಲಗೇ ಇತ್ತು,’ ಎಂದಳು. ಸುವಾಸನೆಯ ಡಬ್ಬಿಯ ಹೆಂಗಸೇ ಇದು. ತಾಯಿ ಬಗ್ಗಿ ಮುದುಕಪ್ಪನ ಬೆನ್ನು ಮುಟ್ಟಿದಳು, ಬಿಸಿಯಾಗಿತ್ತು. ಅವನು ಬೆಚ್ಚಿ ಎದ್ದ, ಕೈ ಮೂಸಿದ, ಬಾಲ ಆಡಿಸಿದ. ಬಿಟ್ಟುಹೋದದ್ದೂ ಅವನಿಗೆ ತಿಳಿದಿರಲಿಲ್ಲ, ಬಂದದ್ದೂ ತಿಳಿದಿರಲಿಲ್ಲ. ಕಟ್ಟಿದವಳು ಬಿಚ್ಚುತ್ತಿದ್ದಾಳೆ, ಅಷ್ಟೇ. ಗಂಟು ಬಿಗಿಯಾಗಿಯೇ ಇತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಗಂಡ ಓಡಿ ಬಂದು ಮುದುಕಪ್ಪನನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಗಡಿಬಿಡಿ ಕುಣಿಯಿತು, ಈಗಷ್ಟೇ ಎದ್ದ ಗುಂಡು ಏನೆಂದು ತಿಳಿಯದೆ ಅದರ ಜೊತೆ ಕುಣಿದ. ಜೀರುಂಡೆ ಮಾತ್ರ ಇಳಿಯಲಿಲ್ಲ. ಗಾಡಿಯ ಮೆಟ್ಟಿಲ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದಳು.

‘ನೋಡೇ, ಬಂದ ನಿನ್ನ ಮುದುಕಪ್ಪ. ಏನೂ ಆಗಿಲ್ಲ,’ ಎಂದಳು ತಾಯಿ.

ಬೆರಳುಗಳ ಸಂದಿಯಿಂದ ಮಗಳು, ‘ನಾನು ಬೊಗಳಿದ್ದಕ್ಕೇ ಅವನು ಹಿಂದೆ ಉಳಿದುಬಿಟ್ಟ,’ ಎಂದಳು.

ಅಲ್ಲ ಕಂದ ಎನ್ನಬಹುದಾಗಿತ್ತು. ಬಿಡು, ಮರೆತುಬಿಡು, ಎಲ್ಲರಿಗೂ ತಪ್ಪಾಗುತ್ತೆ ಎಂದು ತಲೆ ಸವರಬಹುದಾಗಿತ್ತು; ಮಗು ಒಂದೆರಡು ದಿನಕ್ಕೆ ಸರಿಹೋಗುತ್ತಿತ್ತು, ದೊಡ್ಡವಳಾದಮೇಲೆ ನಗುತ್ತಾ ಹೇಳಿಕೊಳ್ಳುತ್ತಿತ್ತು, ಒಂದು ಸಲ ನನ್ನಿಂದ ನಮ್ಮ ನಾಯಿ ತಪ್ಪಿಹೋಗಿತ್ತು ಎಂದು. ಆ ಮಾತು ಅವಳಿಗೆ ಈಗಲೇ ಕೇಳಿಸಿದಂತಾಯಿತು. ಮೆಟ್ಟಿಲ ಮುಂದೆ ಕುಕ್ಕರಗಾಲಲ್ಲಿ ಕೂತಳು.

‘ನಿನ್ನಿಂದ ಅಲ್ಲ. ಅಲ್ಲೇ ಕಟ್ಟಿದೀನಿ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ರೂ ಹೇಳಲಿಲ್ಲ.’

ಜೀರುಂಡೆ ಕೈ ಕೆಳಗಿಳಿಸಿದಳು. ‘ಮರೆತೆ ಅಂದೆ.’

‘ಸುಳ್ಳು ಹೇಳಿದೆ.’

‘ಯಾವಾಗ ಗೊತ್ತಾಯ್ತು?’

ಸೇತುವೆಯ ಮೇಲೆ ಎನ್ನುವ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿದರೆ ಸಾಕಿತ್ತು. ‘ನೀನು ಬೊಗಳಿದಾಗಲೇ,’ ಎಂದಳು. ‘ಅದು ನಿನ್ನ ದನಿ, ಅವನು ಇಲ್ಲಿಲ್ಲ ಅಂತ ಆಗಲೇ ಗೊತ್ತಾಯ್ತು. ಆಮೇಲೆ ನಾನು ಹೂಂ ಅಂದೆ.’

‘ಯಾಕೆ?’

ಗಂಡ ಅಲ್ಲೇ ಹಿಂದೆ ನಿಂತಿದ್ದ, ನಾಯಿಯನ್ನು ಇಳಿಸದೆ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದಾನೆಂದು ಅವಳಿಗೆ ತಿರುಗಿ ನೋಡದೆಯೇ ತಿಳಿಯಿತು. ‘ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋಬೇಕು ಅನ್ನಿಸ್ತು,’ ಎಂದಳು. ಹೊರಗೆ ಬಂದಮೇಲೆ ಅದು ಎಷ್ಟು ಸಣ್ಣ ಮಾತು ಎಂದು ನಾಚಿಕೆಯಾಯಿತು. ಇದಕ್ಕಿಂತ ದೊಡ್ಡದೊಂದು ಕಾರಣ, ದ್ವೇಷವೋ ಹುಚ್ಚೋ, ಇದ್ದಿದ್ದರೆ ವಾಸಿಯಿತ್ತು. ಗಂಡ ಮುದುಕಪ್ಪನನ್ನು ಒಳಗೆ ಮಲಗಿಸಿ ಬಂದು, ಮುಚ್ಚಿಯೇ ಇದ್ದ ನೀರಿನ ಟ್ಯಾಂಕಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದ, ಮತ್ತೂ ಒಮ್ಮೆ ಬಿಗಿ ಮಾಡಿದ. ಗುಂಡು ಅವಳ ಒದ್ದೆ ಸ್ವೆಟರಿನ ತೋಳು ಹಿಡಿದು ಜಗ್ಗಿದ.

‘ಅಮ್ಮಾ, ನಾನೂ ಹಾಸಿಗೇಲಿ ಸುಸ್ಸು ಮಾಡ್ತೀನಲ್ಲ. ನನ್ನನ್ನೂ ಇಲ್ಲೇ ಕಟ್ತೀಯಾ?’

ಅವನಿಗೆ ಭಯವಿರಲಿಲ್ಲ, ತಿಳಿದುಕೊಳ್ಳಬೇಕಿತ್ತು ಅಷ್ಟೇ. ‘ಇಲ್ಲ,’ ಎಂದಳು. ಅವನು ನಂಬಿದ. ಮೂರು ವರ್ಷದವರು ನಂಬುತ್ತಾರೆ. ಅವಳು ಅವನನ್ನು ಎತ್ತಿಕೊಂಡು ಗಾಡಿ ಹತ್ತಿದಳು, ತನ್ನ ಜಾಗದಲ್ಲಿ ಕೂತಳು, ಅವನಿಗೆ ಬೆಲ್ಟು ಕಟ್ಟಿದಳು. ಜೀರುಂಡೆ ಅವಳಿಗೆ ದಾರಿ ಬಿಟ್ಟು ಸರಿದು, ಆಮೇಲೆ ಹತ್ತಿದಳು.

ಗಂಡ ಸ್ಟಿಯರಿಂಗ್ ಹಿಡಿದು ಕೂತ. ಎಷ್ಟೋ ಹೊತ್ತು ಕೀಲಿ ತಿರುಗಿಸಲಿಲ್ಲ. ಇವತ್ತು ಹಾಜರಿ ಕರೆಯಲಾರ ಎಂದು ಅವಳಿಗನಿಸಿತು, ಕರೆಯದಿದ್ದರೆ ತಾನು ಈ ಗಾಡಿಯಲ್ಲಿ ಹೇಗೆ ಕೂರುವುದು ಎಂದೂ ಅನಿಸಿತು. ಅವನು ಗಂಟಲು ಸರಿಮಾಡಿಕೊಂಡ.

‘ಜೀರುಂಡೆ?’

‘ಹಾಂ.’

‘ಗುಂಡು?’

‘ನಾನಿದೀನಿ!’

ಗಡಿಬಿಡಿ ತನ್ನ ಹೆಸರು ಬರುವ ಮುಂಚೆಯೇ ಬೊಗಳಿ ಮುಗಿಸಿತು.

‘ಮುದುಕಪ್ಪ?’

ಯಾರೂ ಬೊಗಳಲಿಲ್ಲ. ಜೀರುಂಡೆ ಸೀಟಿನಿಂದ ಇಳಿದು ಹಿಂದೆ ಹೋದಳು, ಪರದೆ ಸರಿಸಿ ಮಂಡಿಯೂರಿದಳು, ಮುದುಕಪ್ಪನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಉಸಿರು ಏರಿ ಇಳಿಯುವವರೆಗೂ ಕಾದಳು. ‘ಇದಾನೆ,’ ಎಂದಳು.

‘ಅಮ್ಮ?’

ಅವಳು ಹೂಂ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಜೀರುಂಡೆ ಬಂದು ಅವಳ ಮುಂದೆ ನಿಂತಿದ್ದಳು. ನಾಯಿಯ ಕೂದಲು ಅಂಟಿದ್ದ ಅದೇ ಅಂಗೈಯನ್ನು ಅವಳ ಹೊಟ್ಟೆಯ ಮೇಲೆ, ಒದ್ದೆ ಸ್ವೆಟರಿನ ಮೇಲೆ ಇಟ್ಟು, ಅವಳ ಮುಖವನ್ನೇ ನೋಡುತ್ತಾ ನಿಂತಳು. ನಾಯಿಗೆ ಕಾದದ್ದಕ್ಕಿಂತ ಹೆಚ್ಚು ಹೊತ್ತು ಕಾದಳು.

‘ಅಮ್ಮ?’ ಎಂದು ಗಂಡ ಮತ್ತೊಮ್ಮೆ ಕರೆದ.

‘ತಡಿ ಅಪ್ಪ,’ ಎಂದಳು ಜೀರುಂಡೆ. ‘ನೋಡ್ತಾ ಇದೀನಿ.’